ಗತಿಗಾಣದ ಹೆಣಗಳು, ನರಭಕ್ಷಕ ದೆವ್ವಗಳು

ಗಢವಾಲದ ಬೆಟ್ಟದ ಹಳ್ಳಿಯೊಂದರಲ್ಲಿ ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಕೂತು ಒಂದೇ ಹುಕ್ಕಾವನ್ನು ಅವನೊಮ್ಮೆ ಇವನೊಮ್ಮೆ ಸೇದುತ್ತಿದ್ದರು. ಬಾಗಿಲು ಮುಚ್ಚಿತ್ತು, ಅಗುಳಿ ಹಾಕಿರಲಿಲ್ಲ. ಆ ಊರಲ್ಲಿ ಅದುವರೆಗೆ ಯಾರೂ ಸತ್ತಿರಲಿಲ್ಲವಾದ್ದರಿಂದ ಹಾಕಬೇಕೆಂದು ಅವರಿಗೆ ಅನ್ನಿಸಿರಲೂ ಇಲ್ಲ. ಮಾತಿನ ನಡುವೆ ಹುಕ್ಕಾ ಕೆಳಗೆ ಬಿದ್ದು ಕೆಂಡ ಚೆಲ್ಲಿತು. ಗೆಳೆಯನ ಕೈ ಜಾರಿತೆಂದುಕೊಂಡ ಇನ್ನೊಬ್ಬ, ಕಂಬಳಿ ಸುಟ್ಟೀತೆಂದು ಗೊಣಗುತ್ತಾ ಕೆಂಡ ಆರಿಸಲು ಬಗ್ಗಿದ. ಬಗ್ಗಿದಾಗ ಬಾಗಿಲು ಕಣ್ಣಿಗೆ ಬಿತ್ತು. ಅದು ತೆರೆದಿತ್ತು. ಮುಳುಗುತ್ತಿದ್ದ ಚಂದ್ರನ ಬೆಳಕಿಗೆ ಅಡ್ಡವಾಗಿ ಒಂದು ಚಿರತೆ ಅವನ ಗೆಳೆಯನನ್ನು ಕಚ್ಚಿಕೊಂಡು ಹೊಸಿಲು ದಾಟುತ್ತಿತ್ತು. ತೋಳಳತೆಯಲ್ಲಿ ಕೂತಿದ್ದವನ ಬಾಯಿಂದ ಉಸಿರೆಳೆದ ಸದ್ದೂ ಬಂದಿರಲಿಲ್ಲ. ಉಳಿದವನು ಚಿರತೆ ದೂರ ಹೋಗುವಷ್ಟು ಹೊತ್ತು ಅಲುಗಾಡದೆ ಕೂತಿದ್ದು, ಆಮೇಲೆ ತೆವಳಿಕೊಂಡು ಹೋಗಿ ಬಾಗಿಲು ಭದ್ರ ಮಾಡಿಕೊಂಡ.

ಕೆಲವು ದಿನಗಳ ನಂತರ ಆತ ಇದನ್ನು ಹೇಳಿದ್ದು ಬೇಟೆಗಾರ ಜಿಮ್ ಕಾರ್ಬೆಟ್‌ಗೆ. ರುದ್ರಪ್ರಯಾಗದ ನರಭಕ್ಷಕ ಚಿರತೆಯ ಬಗೆಗಿನ ಅವರ ಪುಸ್ತಕದಲ್ಲಿ ಈ ಘಟನೆ ಬರುತ್ತದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ ಅದನ್ನು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಎಂಬ ಹೆಸರಿನಲ್ಲಿ ತಂದರು. ಶಾಲೆಯ ವಯಸ್ಸಿನಲ್ಲಿ ಅದನ್ನು ಓದಿ, ರಾತ್ರಿ ಹಿತ್ತಿಲಿಗೆ ಹೋಗಲು ಹೆದರಿದ ಓದುಗರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಇಂಥ ಪುಸ್ತಕಗಳನ್ನು ನಾವು ಸಾಹಸದ ಕಥೆ ಎಂದು ಓದುತ್ತೇವೆ. ಬಂದೂಕು ಹಿಡಿದವನು ಗೆಲ್ಲುತ್ತಾನೋ ಇಲ್ಲವೋ ಎಂಬ ಕುತೂಹಲ ಪುಟ ತಿರುಗಿಸುತ್ತದೆ. ಆದರೆ ಈ ಕಥೆಗಳಲ್ಲಿ ಇನ್ನೊಂದು ಎಳೆ ಇದೆ. ನರಭಕ್ಷಕ ಎಲ್ಲೆಲ್ಲಿ ಕಾಲಿಟ್ಟಿತೋ ಅಲ್ಲೆಲ್ಲ ಜನ ಅದನ್ನು ಪ್ರಾಣಿ ಎಂದು ಒಪ್ಪಲಿಲ್ಲ. ದೆವ್ವ ಎಂದರು, ಸೈತಾನ ಎಂದರು, ಸತ್ತವರ ಆತ್ಮ ಎಂದರು. ಬೇಟೆಗಾರರು ಅದನ್ನು ಹಳ್ಳಿಗರ ಮೂಢನಂಬಿಕೆಯೆಂದು ಬರೆದಿಟ್ಟು ಮುಂದೆ ಹೋದರು. ನಾವೂ ಹಾಗೇ ಓದಿಕೊಂಡು ಮುಂದೆ ಹೋದೆವು. ಹೋಗಬಾರದಿತ್ತು. ಆ ದೆವ್ವದ ಮಾತಿನಲ್ಲಿ, ಬೇರೆಲ್ಲೂ ಯಾರೂ ದಾಖಲಿಸದ ಒಂದು ಚರಿತ್ರೆ ಉಳಿದುಕೊಂಡಿದೆ.

ರುದ್ರಪ್ರಯಾಗದಿಂದಲೇ ಶುರು ಮಾಡೋಣ. ಅಲಕನಂದಾ ಮತ್ತು ಮಂದಾಕಿನಿ ಕೂಡುವ ಜಾಗ ಅದು. ಕೇದಾರಕ್ಕೂ ಬದರಿಗೂ ಹೋಗುವ ಯಾತ್ರಿಕರ ದಾರಿ ಅಲ್ಲಿ ಕವಲೊಡೆಯುತ್ತದೆ. 1918ರ ಜೂನ್ 9ರಂದು ಬೆಂಜಿ ಎಂಬ ಹಳ್ಳಿಯಲ್ಲಿ ಮೊದಲ ಸಾವು. 1926ರ ಏಪ್ರಿಲ್ 14ರಂದು ಭೈಂಸ್ವಾಡಾದಲ್ಲಿ ಕೊನೆಯದು. ನಡುವಿನ ಎಂಟು ವರ್ಷಗಳಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕವರು 125 ಜನ. ಆ ಪ್ರದೇಶದಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಬ್ರಿಟಿಷ್ ಸಂಸತ್ತಿನಲ್ಲೂ ಅದರ ಪ್ರಸ್ತಾಪವಾಯಿತು. ಹತ್ತು ಸಾವಿರ ರೂಪಾಯಿ ಮತ್ತು ಎರಡು ಹಳ್ಳಿಗಳ ಬಹುಮಾನ ಗೊತ್ತಾಯಿತು. ವಿಷ ಹಾಕಿದರು, ಬೋನಿಟ್ಟರು, ಕಬ್ಬಿಣದ ಕತ್ತರಿ ಹೂಡಿದರು. ಸಯನೈಡ್ ತುಂಬಿದ ಹೆಣ ತಿಂದೂ ಅದು ಬದುಕಿತು. 1921ರಲ್ಲಿ ಅದನ್ನು ಒಂದು ಗುಹೆಯೊಳಗೆ ಕೂಡಿ ಮುಳ್ಳು ತುಂಬಿ ಐದು ದಿನ ಕಾದರು. ಒಳಗೆ ಏನೂ ಇಲ್ಲವೆಂದು ಊರಿನ ಗಣ್ಯರೊಬ್ಬರು ಮುಳ್ಳು ಸರಿಸಿದ್ದೇ ತಡ, ನೆರೆದಿದ್ದ ಐನೂರು ಜನರ ನಡುವೆಯೇ ಹಾರಿ ಮಾಯವಾಯಿತು.

ಹದಿನಾಲ್ಕು ವರ್ಷದ ಒಬ್ಬ ಅನಾಥ ಹುಡುಗನ ಕಥೆ ಇದೆ. ನಲವತ್ತು ಆಡು ಕಾಯುವ ಕೆಲಸ ಅವನದು. ರಾತ್ರಿ ಅವನನ್ನೂ ಆಡುಗಳ ಜೊತೆ ಒಂದೇ ಕೋಣೆಗೆ ಕೂಡಿ ಬಾಗಿಲು ಹಾಕುತ್ತಿದ್ದರು. ಆಡುಗಳು ಮೈಮೇಲೆ ಬೀಳದಿರಲೆಂದು ಮೂಲೆಯಲ್ಲಿ ಒಂದಿಷ್ಟು ಜಾಗಕ್ಕೆ ತಡೆ ಕಟ್ಟಿಕೊಂಡು ಮಲಗುತ್ತಿದ್ದ. ಚಿರತೆ ಒಳಬಂತು. ಒತ್ತಾಗಿ ನಿಂತ ನಲವತ್ತು ಆಡುಗಳನ್ನು ದಾಟಿ ಮೂಲೆಯಲ್ಲಿದ್ದ ಹುಡುಗನನ್ನು ಹೊತ್ತೊಯ್ದಿತು. ಒಂದು ಆಡಿಗೂ ಗೀರು ಬಿದ್ದಿರಲಿಲ್ಲ.

ಬೆಳಿಗ್ಗೆ ಆ ಕೋಣೆಯ ಬಾಗಿಲಲ್ಲಿ ನಿಂತವರು ಏನೆಂದುಕೊಂಡಾರು? ಹಸಿದ ಚಿರತೆ ಮುಂದಿರುವ ಆಡನ್ನು ಬಿಟ್ಟು ಒಳಮೂಲೆಯ ಮನುಷ್ಯನಿಗೆ ಹೋಗುತ್ತದೆ ಎಂಬುದನ್ನು ಅವರ ಹುಟ್ಟಾ ಅನುಭವ ಒಪ್ಪುವುದಿಲ್ಲ. ಕಾಡಿನ ಪ್ರಾಣಿಗಳನ್ನು ಅವರಷ್ಟು ಬಲ್ಲವರು ಇರಲಿಲ್ಲ. ಬಲ್ಲವರಾದ್ದರಿಂದಲೇ ಅವರು ಇದು ಚಿರತೆಯಲ್ಲ ಎಂದರು. ಈ ಮಾತನ್ನು ಅಜ್ಞಾನವೆಂದು ತಳ್ಳುವುದು ತೀರ ಸುಲಭ. ನನಗೆ ಅದು ಅನುಭವದಿಂದ ಹೊರಟ ತರ್ಕ ಎಂದೇ ಕಾಣುತ್ತದೆ. ಆ ತರ್ಕ ಅಪಾಯಕಾರಿಯಾಗಿತ್ತು ಎಂಬುದೂ ನಿಜ. ಹಗಲು ಮನುಷ್ಯ, ರಾತ್ರಿ ಚಿರತೆ ಎಂದು ಗಢವಾಲದ ಜನ ಒಬ್ಬ ಸಾಧುವನ್ನು ಹಿಡಿದು ಸುಡಲು ಹೊರಟ ಪ್ರಸಂಗವನ್ನು ಕಾರ್ಬೆಟ್ ಬರೆಯುತ್ತಾರೆ. ಹತ್ತಿರದಲ್ಲಿ ಬಿಡಾರ ಹೂಡಿದ್ದ ಜಿಲ್ಲಾಧಿಕಾರಿ ಗುಂಪಿನ ಮಾತಿಗೆ ಎದುರಾಡಲಿಲ್ಲ. ಅಪರಾಧ ಖಚಿತವಾಗಲಿ, ಅಲ್ಲಿಯವರೆಗೆ ಸಾಧುವನ್ನು ಹಗಲಿರುಳು ಕಾವಲಿನಲ್ಲಿಡೋಣ ಎಂದರು. ಸಾಧು ಕಾವಲಿನಲ್ಲಿದ್ದಾಗಲೇ ಕೆಲವು ಮೈಲಿ ಆಚೆಯ ಮನೆಯೊಂದಕ್ಕೆ ಪ್ರಾಣಿ ನುಗ್ಗಿ ಒಬ್ಬನನ್ನು ಒಯ್ದಿತು. ಸಾಧುವಿನ ಜೀವ ಉಳಿಯಿತು. ಅಂಥ ಅಧಿಕಾರಿ ಹತ್ತಿರದಲ್ಲಿಲ್ಲದ ಹಳ್ಳಿಗಳಲ್ಲಿ ಏನಾಗಿರಬಹುದೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಈಗ ಆ ಚಿರತೆ ನರಭಕ್ಷಕವಾದದ್ದು ಹೇಗೆ ಎಂಬ ಪ್ರಶ್ನೆಗೆ ಬರೋಣ. ಲೇಖನದ ಜೀವ ಇರುವುದು ಇಲ್ಲಿ.

1918 ಇನ್‌ಫ್ಲುಯೆಂಜಾದ ವರ್ಷ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಬೆಟ್ಟದ ಹಳ್ಳಿಗಳಲ್ಲಿ ಹೆಣ ಸುಡುವುದು ಹೊಳೆಯ ದಂಡೆಯಲ್ಲಿ. ಕಡಿದಾದ ದಾರಿಯಲ್ಲಿ ಹೆಣ ಹೊತ್ತು ಇಳಿಯಬೇಕು, ಸೌದೆ ಒಟ್ಟಬೇಕು. ಸಾವು ಒಂದೋ ಎರಡೋ ಆದರೆ ಊರು ಹೆಗಲು ಕೊಡುತ್ತದೆ. ಮನೆಮನೆಯಲ್ಲೂ ಹೆಣ ಬಿದ್ದು, ಉಳಿದವರೂ ಜ್ವರದಲ್ಲಿ ಮಲಗಿದ್ದಾಗ ಹೊರುವವರಾರು? ಹಾಗಾದಾಗ ಹೆಣದ ಬಾಯಿಗೆ ಒಂದು ಕೆಂಡವಿಟ್ಟು, ಅದನ್ನೇ ಸಂಸ್ಕಾರವೆಂದು ಎಣಿಸಿ, ಬೆಟ್ಟದಂಚಿನಿಂದ ಕಣಿವೆಗೆ ಉರುಳಿಸುತ್ತಿದ್ದರು. ಕಣಿವೆಯಲ್ಲಿ ಚಿರತೆಗಳಿದ್ದವು. ಚಿರತೆ ಸತ್ತದ್ದನ್ನೂ ತಿನ್ನುತ್ತದೆ. ಹೆಣದ ರುಚಿ ಹತ್ತಿದ ಮೇಲೆ ರೋಗ ಇಳಿದು ಹೆಣಗಳು ಬರುವುದು ನಿಂತಾಗ, ಅದು ಆಹಾರ ಹುಡುಕಿಕೊಂಡು ಮೇಲಿನ ಹಳ್ಳಿಗೆ ಹತ್ತಿತು. ಇದು ಕಾರ್ಬೆಟ್ ಕೊಡುವ ವಿವರಣೆ. 1910ರಲ್ಲಿ ಅವರೇ ಕೊಂದ ಪನಾರ್ ಚಿರತೆಗೆ 400 ಜನ ಬಲಿಯಾಗಿದ್ದರು. ಅದು ಬಂದದ್ದು ಕಾಲರಾದ ಬೆನ್ನಿಗೆ. ಎರಡೂ ಸೇರಿ 525 ಜೀವ. ಎರಡಕ್ಕೂ ಮೊದಲು ಒಂದೊಂದು ಸಾಂಕ್ರಾಮಿಕ.

ನಮ್ಮ ಹಳ್ಳಿಗಳ ಅಜ್ಜಿಯರು ಏನು ಹೇಳುತ್ತಿದ್ದರು? ಸಂಸ್ಕಾರ ಸಿಗದ ಹೆಣದ ಜೀವ ಗತಿ ಕಾಣದೆ ಅಲೆಯುತ್ತದೆ, ಅಂತರಪಿಶಾಚಿಯಾಗಿ ಬಂದು ಬದುಕಿರುವವರನ್ನು ಕಾಡುತ್ತದೆ ಎಂದಲ್ಲವೇ? ಗಢವಾಲದ ಜನರ ನಂಬಿಕೆಯೂ ಇದಕ್ಕಿಂತ ದೂರದ್ದಲ್ಲ. ಬೇಟೆಗಾರನ ಪ್ರಾಣಿಶಾಸ್ತ್ರ ಮತ್ತು ಹಳ್ಳಿಗರ ದೆವ್ವದ ಕಥೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಎರಡೂ ಒಂದೇ ಕಾರಣಕ್ಕೆ ಬೊಟ್ಟು ಮಾಡುತ್ತವೆ. ಸುಡದೆ ಬಿಟ್ಟ ಹೆಣಗಳಿಂದ ಹುಟ್ಟಿದ ಏನೋ ಒಂದು, ರಾತ್ರಿ ಬಾಗಿಲ ಬಳಿ ಬರುತ್ತಿದೆ. ಹಳ್ಳಿಗರು ಅದನ್ನು ಆತ್ಮವೆಂದರು, ಕಾರ್ಬೆಟ್ ಚಿರತೆಯೆಂದರು. ಕಾರ್ಬೆಟ್ ಸರಿ, ಅನುಮಾನವಿಲ್ಲ. ಆದರೆ ಹಳ್ಳಿಗರ ಮಾತು ಸುಳ್ಳಾಗಿದ್ದರೂ ಬರಿದಾಗಿರಲಿಲ್ಲ. ತಮ್ಮವರನ್ನು ಸುಡಲಾಗದೆ ಕಣಿವೆಗೆ ತಳ್ಳಿದ ಜನರ ಅಳಲು, ಅಪರಾಧ ಭಾವ ಅದರಲ್ಲಿದೆ. 1918ರ ಜ್ವರ ಆ ಬೆಟ್ಟಗಳಿಗೆ ಏನು ಮಾಡಿತೆಂದು ತಿಳಿಯಲು ಸಾವಿನ ಅಂಕಿಅಂಶದ ಜೊತೆ ಈ ದೆವ್ವವನ್ನೂ ಓದಬೇಕು.

ಗಢವಾಲದ ಕಥೆಗಿಂತ ಇಪ್ಪತ್ತು ವರ್ಷ ಹಿಂದೆ, ಆಫ್ರಿಕದ ಪೂರ್ವ ಕರಾವಳಿಯಿಂದ ಒಳನಾಡಿಗೆ ರೈಲು ಹಳಿ ಹಾಕುವಾಗಲೂ ಇದೇ ನಡೆಯಿತು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ಉಗಾಂಡಾ ರೈಲ್ವೆಗೆ ಬ್ರಿಟಿಷರು ಕೂಲಿಗಳನ್ನು ಒಯ್ದದ್ದು ಹಿಂದೂಸ್ತಾನದಿಂದ, ಬಹುಪಾಲು ಪಂಜಾಬಿನಿಂದ. ಸುಮಾರು 32,000 ಜನ ಹಡಗು ಹತ್ತಿದರು. ಹತ್ತಿರ ಹತ್ತಿರ 2,500 ಜನ ಅಲ್ಲೇ ಮಣ್ಣಾದರು. 1898ರ ಮಾರ್ಚಿನಲ್ಲಿ ಸಾವೋ ನದಿಗೆ ಸೇತುವೆ ಕಟ್ಟಲು ಜೆ.ಎಚ್. ಪ್ಯಾಟರ್ಸನ್ ಎಂಬ ಎಂಜಿನಿಯರ್ ಬಂದ. ಅವನು ಬಂದ ಹೊಸದರಲ್ಲೇ ಕೂಲಿಗಳು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಉಂಗನ್ ಸಿಂಗ್ ಎಂಬ ಬಲಶಾಲಿ ಜಮಾದಾರನನ್ನು ಡೇರೆಯೊಳಗಿಂದ ಕುತ್ತಿಗೆ ಹಿಡಿದು ಎಳೆದೊಯ್ದದ್ದನ್ನು ಜೊತೆಗಾರರು ಕಣ್ಣಾರೆ ಕಂಡರು. ಎರಡು ಗಂಡು ಸಿಂಹಗಳು. ಎರಡಕ್ಕೂ ಕೇಸರವಿರಲಿಲ್ಲ.

ಪ್ಯಾಟರ್ಸನ್ 1907ರಲ್ಲಿ ಪ್ರಕಟಿಸಿದ ಪುಸ್ತಕ ಪ್ರತ್ಯಕ್ಷದರ್ಶಿಯ ಬರಹವಾಗಿ ಇಂದಿಗೂ ಬೆನ್ನು ತಣ್ಣಗಾಗಿಸುತ್ತದೆ. ಮುಳ್ಳುಬೇಲಿ ಹಾಕಿದರೂ ಸಿಂಹಗಳು ನುಸುಳಿದವು. ಒಂದು ಶಿಬಿರದಲ್ಲಿ ಕಾದರೆ ಮೈಲಿ ಆಚೆಯ ಇನ್ನೊಂದರಲ್ಲಿ ಕಿರುಚಾಟ. ಕತ್ತಲಲ್ಲಿ ಗರ್ಜನೆ ಹತ್ತಿರವಾಗುತ್ತಾ ಬಂದು ಒಮ್ಮೆಗೇ ನಿಂತರೆ, ಸಿಂಹ ಹೊಂಚಿ ಬರುತ್ತಿದೆಯೆಂದು ಎಲ್ಲರಿಗೂ ಗೊತ್ತು. ಸೈತಾನ ಬರುತ್ತಿದ್ದಾನೆ, ಹುಷಾರು ಎಂದು ಡೇರೆಯಿಂದ ಡೇರೆಗೆ ಕೂಗು ಹೋಗುತ್ತಿತ್ತು. ಪ್ಯಾಟರ್ಸನ್ ಒಂದು ದೊಡ್ಡ ಬೋನು ಮಾಡಿಸಿದ. ಹಿಂದಿನ ಅರ್ಧದಲ್ಲಿ ಬಂದೂಕು ಹಿಡಿದ ಸಿಪಾಯಿಗಳು, ನಡುವೆ ಕಬ್ಬಿಣದ ಸರಳು, ಮುಂದಿನ ಅರ್ಧ ಸಿಂಹಕ್ಕೆ. ಸಿಂಹ ಬಂದು ಸಿಕ್ಕಿಬಿದ್ದದ್ದೂ ಆಯಿತು. ಮಾರು ದೂರದಲ್ಲಿ ಅಬ್ಬರಿಸುತ್ತಿದ್ದ ಅದರತ್ತ ಗಾಬರಿಗೊಂಡ ಸಿಪಾಯಿಗಳು ಹಾರಿಸಿದ ಇಪ್ಪತ್ತರಷ್ಟು ಗುಂಡುಗಳಲ್ಲಿ ಒಂದೂ ಸರಿಯಾಗಿ ತಾಗಲಿಲ್ಲ. ಒಂದು ಗುಂಡು ಬಾಗಿಲಿನ ಸರಳನ್ನೇ ಕಿತ್ತು ಸಿಂಹಕ್ಕೆ ದಾರಿ ಬಿಟ್ಟಿತು. ಇದಾದ ಮೇಲೆ ಇವು ಸಿಂಹಗಳಲ್ಲವೆಂಬ ಮಾತಿಗೆ ಯಾರು ಎದುರು ಹೇಳುತ್ತಾರೆ?

ಕೂಲಿಗಳು ಹೇಳುತ್ತಿದ್ದುದು ಇದು: ಈ ನೆಲದ ಇಬ್ಬರು ಸತ್ತ ನಾಯಕರ ಆತ್ಮಗಳು ಸಿಂಹರೂಪದಲ್ಲಿ ಬಂದಿವೆ, ತಮ್ಮ ನಾಡಿನ ನಡುವೆ ರೈಲು ಹಾಯುವುದು ಅವರಿಗೆ ಇಷ್ಟವಿಲ್ಲ, ಗುಂಡು ಹಾರಿಸಿ ಪ್ರಯೋಜನವಿಲ್ಲ. ಇದನ್ನು ಹೇಳುತ್ತಿದ್ದವರು ಹಳಿ ಹಾಕುತ್ತಿದ್ದವರೇ ಎಂಬುದನ್ನು ನೆನಪಿಡಬೇಕು. ಸಾವಿರಾರು ಮೈಲಿ ಆಚೆಯಿಂದ ಬಂದ, ತಾವೂ ಅದೇ ಸಾಮ್ರಾಜ್ಯದ ಅಡಿಯಾಳುಗಳಾಗಿದ್ದ ಜನ, ಈ ನೆಲ ನಮ್ಮದಲ್ಲ, ಇಲ್ಲಿನವರನ್ನು ಕೇಳದೆ ಅಗೆಯುತ್ತಿದ್ದೇವೆ ಎಂಬುದನ್ನು ಒಳಗೊಳಗೇ ಅರಿತಿದ್ದರು. ಅರ್ಜಿಯಲ್ಲಿ ಬರೆಯಲಾಗದ ಆ ಮಾತು ದೆವ್ವದ ಕಥೆಯಾಗಿ ಹೊರಬಂತು. ಪ್ಯಾಟರ್ಸನ್‌ಗೆ ಅದು ಕೇಳಿಸಲಿಲ್ಲ. ಅವನು ದಣಿಯಾಗಿದ್ದ, ಕೂಲಿ ವಿಷಯದಲ್ಲಿ ಕಲ್ಲುಕುಟಿಗರಿಗೂ ಅವನಿಗೂ ಜಗಳವಾಗಿ, ಅವರು ತನ್ನನ್ನು ಕೊಲ್ಲಲು ಸಂಚು ಮಾಡಿದ್ದರೆಂದು ಅವನೇ ಬರೆಯುತ್ತಾನೆ. ಕಥೆ ಹೇಳುವವನ ಕೈಯಲ್ಲಿ ಬಂದೂಕೂ ಲೇಖನಿಯೂ ಎರಡೂ ಇದ್ದಾಗ ಅವನ ಪುಸ್ತಕವನ್ನು ಎಚ್ಚರದಿಂದ ಓದಬೇಕಾಗುತ್ತದೆ.

ಡಿಸೆಂಬರ್ 1ರಂದು ಕೂಲಿಗಳು ಸೇರಿ, ನಾವು ಬಂದದ್ದು ಕೆಲಸಕ್ಕೆ, ಸಿಂಹಕ್ಕೂ ಸೈತಾನನಿಗೂ ಆಹಾರವಾಗುವುದಕ್ಕಲ್ಲ ಎಂದರು. ಹಾದುಹೋಗುತ್ತಿದ್ದ ರೈಲಿನ ಮುಂದೆ ಹಳಿಯ ಮೇಲೆ ಮಲಗಿ ಅದನ್ನು ನಿಲ್ಲಿಸಿ, ನೂರಾರು ಜನ ಹತ್ತಿ ಹೊರಟುಹೋದರು. ಉಳಿದವರು ನೀರಿನ ತೊಟ್ಟಿಗಳ ಮೇಲೆ, ತೊಲೆಗಳ ಮೇಲೆ, ಮರದ ಕೊಂಬೆಗೆ ಬಿಗಿದ ಮಂಚಗಳಲ್ಲಿ ರಾತ್ರಿ ಕಳೆದರು. ಕೆಲವರು ಡೇರೆಯೊಳಗೆ ಗುಂಡಿ ತೋಡಿ ಮೇಲೆ ದಿಮ್ಮಿ ಮುಚ್ಚಿಕೊಂಡು ಮಲಗಿದರು. ಮೂರು ವಾರ ಕೆಲಸ ನಿಂತಿತು. ಸಾಮ್ರಾಜ್ಯದ ರೈಲನ್ನು ಮೂರು ವಾರ ನಿಲ್ಲಿಸಿದ್ದು ಎರಡು ಸಿಂಹ ಮತ್ತು ಒಂದು ದೆವ್ವದ ಕಥೆ. ಮೊದಲ ಸಿಂಹವನ್ನು ಡಿಸೆಂಬರ್ 9ರಂದು, ಎರಡನೆಯದನ್ನು 29ರಂದು ಪ್ಯಾಟರ್ಸನ್ ಕೊಂದ. ಹೋದವರು ಮರಳಿದರು, ಸೇತುವೆ ಮುಗಿಯಿತು, ಕೂಲಿಗಳು ಅವನಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಹಿಂದೂಸ್ತಾನಿಯಲ್ಲಿ ಉದ್ದದ ಹೊಗಳಿಕೆಯ ಪದ್ಯ ಓದಿದರು.

ಸತ್ತವರೆಷ್ಟು? ಪುಸ್ತಕದಲ್ಲಿ ಪ್ಯಾಟರ್ಸನ್ ಕೊಟ್ಟದ್ದು 28 ಹಿಂದೂಸ್ತಾನಿ ಕೂಲಿಗಳ ಲೆಕ್ಕ. ಆಫ್ರಿಕನ್ನರೂ ಬಹಳ ಮಂದಿ ಸತ್ತರು, ಅವರ ಲೆಕ್ಕವನ್ನು ಯಾರೂ ಇಡಲಿಲ್ಲ ಎಂದು ಒಂದು ಸಾಲು. ಮುಂದೆ ಅದೇ ಪ್ಯಾಟರ್ಸನ್ 135 ಎಂದ. ಇಪ್ಪತ್ತೈದು ವರ್ಷ ನೆಲಹಾಸಾಗಿ ಬಿದ್ದಿದ್ದ ಆ ಸಿಂಹಗಳ ಚರ್ಮವನ್ನು 1924ರಲ್ಲಿ ಶಿಕಾಗೋದ ಫೀಲ್ಡ್ ಮ್ಯೂಸಿಯಂ 5,000 ಡಾಲರಿಗೆ ಕೊಂಡಿತು. 2009ರಲ್ಲಿ ವಿಜ್ಞಾನಿಗಳು ಅವುಗಳ ಕೂದಲು ಮತ್ತು ಮೂಳೆಯಲ್ಲಿ ಉಳಿದಿದ್ದ ರಾಸಾಯನಿಕ ಗುರುತುಗಳನ್ನು ಪರೀಕ್ಷಿಸಿ, ಎರಡೂ ಸೇರಿ ತಿಂದದ್ದು ಸುಮಾರು 35 ಜನರನ್ನು ಎಂದು ಅಂದಾಜಿಸಿದರು. ಒಂದರ ಕೋರೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ದೊಡ್ಡ ಪ್ರಾಣಿ ಹಿಡಿಯಲು ಅದಕ್ಕೆ ಕಷ್ಟವಾಗಿರಬೇಕು. 2024ರಲ್ಲಿ ಹಲ್ಲಿನ ಪೊಟರೆಗಳಲ್ಲಿ ಸಿಕ್ಕ ಕೂದಲಿನ ಡಿಎನ್ಎ ನೋಡಿದಾಗ ಜಿರಾಫೆ, ಜೀಬ್ರಾಗಳ ಜೊತೆ ಮನುಷ್ಯನ ಕೂದಲೂ ಇತ್ತು. ಕಾರಣಗಳ ಹಿಂದೆ ಹೋದವರು ಇನ್ನೂ ಎರಡು ವಿಷಯ ಹೇಳುತ್ತಾರೆ. 1890ರ ದಶಕದಲ್ಲಿ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಪೂರ್ವ ಆಫ್ರಿಕದ ದನಗಳನ್ನೂ ಕಾಡೆಮ್ಮೆಗಳನ್ನೂ ಗುಡಿಸಿಹಾಕಿತ್ತು. ಅದಕ್ಕೂ ಮೊದಲು ಗುಲಾಮರನ್ನು ಸಾಲಾಗಿ ಕಟ್ಟಿ ಕರಾವಳಿಗೆ ನಡೆಸುತ್ತಿದ್ದ ದಾರಿ ಸಾವೋ ಹೊಳೆಯನ್ನು ದಾಟುತ್ತಿತ್ತು. ನಡೆಯಲಾಗದೆ ಬಿದ್ದವರನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಮತ್ತೆ ಅದೇ, ಗತಿಗಾಣದ ಹೆಣಗಳು. ಗಢವಾಲದಲ್ಲಿ ಜ್ವರದವು, ಇಲ್ಲಿ ಗುಲಾಮಗಿರಿಯವು.

ಸಾವೋದಲ್ಲಿ ಸಿಂಹಗಳ ಕಾಟ ನಡೆದಿದ್ದ ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು, ಹೆಣಕ್ಕೆ ಹೆಗಲು ಕೊಡುವವರಿಲ್ಲದಾಯಿತು. ಇಲ್ಲಿ ಆ ಭಯ ತಳೆದದ್ದು ದೇವಿಯ ರೂಪ. ಪ್ಲೇಗಮ್ಮನ ಗುಡಿಗಳೆದ್ದವು, ಕೆಲವು ಬೆಂಗಳೂರಿನಲ್ಲಿ ಇನ್ನೂ ಪೂಜೆಗೊಳ್ಳುತ್ತಿವೆ. ಮಾರಿಯಾಗಲಿ, ತುಳುನಾಡಿನ ಪಿಲಿಚಾಮುಂಡಿಯಾಗಲಿ, ಹುಲಿಯೇರಿದ ಮಾದಪ್ಪನಾಗಲಿ, ಭಯವನ್ನು ಕಟ್ಟಿಹಾಕಿ ಜೊತೆಯಲ್ಲೇ ಇಟ್ಟುಕೊಳ್ಳುವ ಜಾಣ್ಮೆ ನಮ್ಮ ಜನರದು. ಇದು ಬೇರೆಯದೇ ಲೇಖನದ ವಸ್ತು.

ಕನ್ನಡದ ಓದುಗರಿಗೆ ನರಭಕ್ಷಕ ಎಂದರೆ ಮೊದಲು ನೆನಪಾಗುವುದು ಬಹುಶಃ ಕಾರ್ಬೆಟ್ ಅಲ್ಲ, ಕೆನೆತ್ ಆಂಡರ್ಸನ್. 1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಲ್ಲಿ ಓದಿ, ಬದುಕಿ, 1974ರಲ್ಲಿ ಇಲ್ಲೇ ತೀರಿಕೊಂಡ, ಕನ್ನಡ ಬಲ್ಲ ಬೇಟೆಗಾರ. ಅವರ ಕಥೆಗಳನ್ನು ಕನ್ನಡಕ್ಕೆ ತಂದ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಜಾಲಹಳ್ಳಿ, ಮಾಗಡಿ ಎಂಬ ಹೆಸರುಗಳು ಬಂದಾಗ, ಭಯ ನಮ್ಮದೇ ಬಸ್ ದಾರಿಯಲ್ಲಿ ನಿಂತಂತಾಯಿತು. ಇಂದು ವಾಹನ ಸಾಲುಗಟ್ಟುವ ಜಾಗಗಳ ಹೆಸರನ್ನು ಅಂಥ ಕಥೆಯಲ್ಲಿ ಓದುವ ಅನುಭವವೇ ಬೇರೆ.

ಆಂಡರ್ಸನ್‌ರ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಅದರಲ್ಲಿ ಹೊಸೂರು, ತಳಿ ಕಡೆಯ ಗಡಿನಾಡಿನ ಗುಮ್ಮಳಾಪುರದ ಚಿರತೆಯ ಕಥೆ ಇದೆ. 42 ಜನರನ್ನು ಕೊಂದಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳು. ಸಂಜೆಯಾದರೆ ಊರು ಸತ್ತಂತೆ. ಆಂಡರ್ಸನ್ ಗಮನಿಸುವ ಒಂದು ವಿವರ ನನಗೆ ಎಲ್ಲ ಗರ್ಜನೆಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ರಾತ್ರಿ ಬಹಿರ್ದೆಸೆಗೂ ಹೊರಗೆ ಹೋಗುವಂತಿರಲಿಲ್ಲ. ಮನೆಯೊಳಗೇ, ಹೊಸಿಲ ಪಕ್ಕದಲ್ಲೇ ಎಲ್ಲ ಆಗಬೇಕು. ಮಕ್ಕಳು, ಮುದುಕರು, ಬಸುರಿಯರು ಆ ಕತ್ತಲಲ್ಲಿ ಕೂತು ಬೆಳಗು ಕಾಯುವ ರಾತ್ರಿಗಳನ್ನು ಊಹಿಸಿಕೊಳ್ಳಿ. ಜನ ಅದನ್ನು ಪಿಶಾಚಿ ಎಂದೇ ನಂಬಿದ್ದರು. ಕೊನೆಗೆ ಆಂಡರ್ಸನ್ ಗುಡಿಸಲೊಂದರಲ್ಲಿ ಕಾದು ಕೂತಾಗ ಜೊತೆಗೆ ಬಂದು ಸೇರಿಕೊಂಡದ್ದು ಒಂದು ಬೀದಿನಾಯಿ. ಚಿರತೆ ಹತ್ತಿರ ಬಂದದ್ದನ್ನು ಗುರುಗುಟ್ಟಿ ತಿಳಿಸಿದ್ದು ಅದೇ. ಸತ್ತ ಚಿರತೆಯ ಮುಂಗಾಲ ಬೆರಳುಗಳ ನಡುವೆ ಮುಳ್ಳುಹಂದಿಯ ಮುಳ್ಳು ಮುರಿದು ಕೂತಿತ್ತು. ಆ ನಾಯಿಯನ್ನು ಆಂಡರ್ಸನ್ ಬೆಂಗಳೂರಿಗೆ ಕರೆತಂದು ಸಾಕಿಕೊಂಡರು.

ಅವರ ಇನ್ನೊಂದು ಪುಸ್ತಕದಲ್ಲಿ ಅರಸೀಕೆರೆ ಸುತ್ತಿನ ಕರಡಿಯ ಕಥೆ ಇದೆ. ಕನಿಷ್ಠ 12 ಜನರನ್ನು ಕೊಂದು ಅದರ ಇಮ್ಮಡಿ ಮಂದಿಯ ಕಣ್ಣು ಮೂಗು ಕಿತ್ತಿದ್ದ ಆ ಕರಡಿ ಯಾಕೆ ಹಾಗಾಯಿತೆಂಬುದಕ್ಕೆ ಊರಲ್ಲಿ ಹಲವು ಕಥೆಗಳಿದ್ದವು. ಅದರ ಮರಿಗಳನ್ನು ಯಾರೋ ಕದ್ದರು ಎಂಬುದು ಒಂದು. ಅದು ಹುಡುಗಿಯೊಬ್ಬಳನ್ನು ಹೆಂಡತಿಯಾಗಿ ಒಯ್ದಿತ್ತು, ಊರವರು ಬಿಡಿಸಿಕೊಂಡು ಬಂದರು, ಆ ಸೇಡು ಎಂಬುದು ಇನ್ನೊಂದು. ಆಂಡರ್ಸನ್ ನಂಬಿದ್ದು, ಯಾವುದೋ ಕಾಲದಲ್ಲಿ ಮನುಷ್ಯನಿಂದ ಗಾಯಗೊಂಡ ಕರಡಿ ಅದು ಎಂದು. ಊರಿನ ಕಥೆಗಳನ್ನೂ ನೋಡಿ: ಎಲ್ಲದರಲ್ಲೂ ಕರಡಿಯ ಸೇಡಿಗೆ ಮನುಷ್ಯನೇ ಕಾರಣನೋ ಎಂಬ ಅಳುಕು ಇದ್ದೇ ಇದೆ. ಆಂಡರ್ಸನ್ ಕಥೆಗಳಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಚರ್ಚೆ ಹಿಂದಿನಿಂದ ಇದೆ. ಕಾರ್ಬೆಟ್‌ಗೆ ಇರುವಷ್ಟು ಸರ್ಕಾರಿ ದಾಖಲೆಯ ಬೆಂಬಲ ಅವರಿಗಿಲ್ಲ. ಹಾಗಿದ್ದರೂ ಕಾಡಂಚಿನ ಪೂಜಾರಿಗಳು, ಗಾಡಿಯವರು, ದರ್ಗಾ ಕಾಯುವವರು ಹೆಸರು ದನಿ ಸಮೇತ ಬರುವುದು ಅವರಲ್ಲೇ ಹೆಚ್ಚು. ನಮ್ಮವರೇ ಬರೆದ ಅನುಭವ ಬೇಕೆನ್ನುವವರು ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಹುಡುಕಿ ಓದಬೇಕು. ಅದಕ್ಕೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ ಎಂಬ ಬೇಸರ ನನಗಿದೆ.

ಹಳ್ಳಿಗರ ದೆವ್ವವನ್ನು ನಂಬದ ಕಾರ್ಬೆಟ್ ತಾವೇ ಕಂಡ ವಿಚಿತ್ರಗಳನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಬೇಕು. 1907ರಲ್ಲಿ, 436 ಜನರನ್ನು ಕೊಂದ ಚಂಪಾವತದ ಹೆಣ್ಣುಹುಲಿಯ ಬೆನ್ನು ಹತ್ತಿದಾಗ ಅಲ್ಲಿನ ಬಂಗಲೆಯೊಂದರಲ್ಲಿ ಏನೋ ನಡೆಯಿತು. ಅದನ್ನು ಇಲ್ಲಿ ಹೇಳಲಾರೆ, ಪ್ರಕೃತಿ ನಿಯಮಕ್ಕೆ ಹೊರತಾದ ಕಥೆಗಳಿಗೆ ಕಾಡಿನ ಪುಸ್ತಕದಲ್ಲಿ ಜಾಗವಿಲ್ಲ ಎಂದು ಬರೆದು ಸುಮ್ಮನಾದರು. ಓದುಗರಿಗೆ ಅಲ್ಲಿ ಏನಾಯಿತೆಂದು ತಿಳಿಯಲೇ ಇಲ್ಲ. 1929ರಲ್ಲಿ ಶಾರದಾ ನದಿಯ ಕಣಿವೆಯಲ್ಲಿ, ಪೂರ್ಣಗಿರಿಯ ಎದುರು, ಮನುಷ್ಯರು ಹತ್ತಲಾರದ ಕಡಿದಾದ ಬಂಡೆಯ ಮೇಲೆ ದೀಪಗಳನ್ನು ಕಂಡೆವು ಎನ್ನುತ್ತಾರೆ. ಅವು ದೇವಿ ಮೆಚ್ಚಿದವರಿಗೆ ಮಾತ್ರ ಕಾಣುವ ದೀಪಗಳೆಂದು ಅಲ್ಲಿನವರು ಹೇಳಿದರು. ಕಾರ್ಬೆಟ್ ಅದನ್ನು ಅಲ್ಲಗಳೆಯಲಿಲ್ಲ, ವಿವರಣೆ ಕೊಡಲೂ ಹೋಗಲಿಲ್ಲ.

ಥಾಕ್ ಹಳ್ಳಿಯದು ಇನ್ನೂ ಗಾಢ. 1938. ನರಭಕ್ಷಕ ಹೆಣ್ಣುಹುಲಿಗೆ ಹೆದರಿ ಇಡೀ ಊರು ಮನೆಗಳನ್ನು ಬಿಟ್ಟುಹೋಗಿತ್ತು. ಮರದ ಮೇಲೆ ಕಾದು ಕೂತ ಕಾರ್ಬೆಟ್‌ಗೆ ಆ ಖಾಲಿ ಊರಿನ ಕಡೆಯಿಂದ ಮನುಷ್ಯನ ಚೀತ್ಕಾರ ಕೇಳಿತು, ಸಾಯುವವನ ಚೀತ್ಕಾರ. ಹೋಗಿ ನೋಡಿದರೆ ಯಾರೂ ಇರಲಿಲ್ಲ, ಯಾರೂ ಬಂದಿರಲೂ ಇಲ್ಲ. ಹಿಂದೆ ಹುಲಿ ಹಿಡಿದ ಒಬ್ಬ ಹೇಗೆ ಕೂಗಿದನೆಂದು ಊರಿನ ಮುಖಂಡ ಕೂಗಿ ತೋರಿಸಿದಾಗ ಅದು ತಾನು ಕೇಳಿದ ಕೂಗೇ ಆಗಿತ್ತು. ಕಾರ್ಬೆಟ್ ಇದಕ್ಕೂ ಟಿಪ್ಪಣಿ ಸೇರಿಸಲಿಲ್ಲ. ಕೇಳಿದ್ದನ್ನು ಕೇಳಿದಂತೆ ಬರೆದರು. ಪ್ರತ್ಯಕ್ಷದರ್ಶಿಯ ಬರಹಕ್ಕೆ ಬೇಕಾದ ಪ್ರಾಮಾಣಿಕತೆ ಇದು. ತಾನು ನಂಬದ್ದನ್ನೂ, ತನಗೆ ತಿಳಿಯದ್ದನ್ನೂ ತಿದ್ದದೆ ಮುಂದಿನವರಿಗೆ ದಾಟಿಸುವುದು.

ರುದ್ರಪ್ರಯಾಗದ ಚಿರತೆಯನ್ನು ಕಾರ್ಬೆಟ್ 1926ರ ಮೇ ತಿಂಗಳ ಆರಂಭದಲ್ಲಿ ಗೊಲಬ್ರಾಯಿಯ ಮಾವಿನ ಮರದಿಂದ ಹೊಡೆದರು. ಬೆಳಕಿನಲ್ಲಿ ನೋಡಿದರೆ ಮೀಸೆ ಉದುರಿದ, ಹಲ್ಲು ಸವೆದ ಮುದಿ ಚಿರತೆ. ಐದು ವರ್ಷದ ಹಿಂದಿನ ಗುಂಡಿನ ಗಾಯ ಹಿಂಗಾಲಿನಲ್ಲಿ, ಬಹುಶಃ ವಿಷದಿಂದ ಕಪ್ಪಾದ ನಾಲಿಗೆ. ಅದರ ಬಗೆಗಿನ ಪುಸ್ತಕದಲ್ಲಿ ಕಾರ್ಬೆಟ್ ಒಂದು ಪಟ್ಟಿ ಕೊಟ್ಟಿದ್ದಾರೆ. ವರ್ಷವಾರು ಲೆಕ್ಕ: 1918ರಲ್ಲಿ ಒಂದು, ಮರುವರ್ಷ 3, ಆಮೇಲೆ 6, 23, 24, 26, 20, 8, ಕೊನೆಯ ವರ್ಷ 14. ಪಕ್ಕದಲ್ಲಿ ಯಾವ ಹಳ್ಳಿಯಲ್ಲಿ ಎಷ್ಟು ಎಂಬ ವಿವರ. ಓದುವಾಗ ನಾವು ಹಾರಿಸಿಬಿಡುವ ಪುಟ ಅದು. ಆದರೆ ಸಾವೋದ ಆಫ್ರಿಕನ್ನರಿಗೆ ಅಷ್ಟೂ ಸಿಗಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದ್ದು ಸತ್ತವರ ಹೆಸರುಗಳು. ಆಡು ಕಾಯುವ ಹುಡುಗನ ಹೆಸರು ನಮಗೆ ಗೊತ್ತಿಲ್ಲ.

1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಗಾರರ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ. ಆದರೆ ಆ ಕಾಲವನ್ನು ಹೊಸಿಲೊಳಗಿನಿಂದ ಕಂಡವರು, ಅಥವಾ ಕಂಡವರಿಂದ ಕೇಳಿದವರು, ಮಲೆನಾಡಿನಲ್ಲಿ, ಚಾಮರಾಜನಗರದ ಕಾಡಂಚಿನಲ್ಲಿ, ಉತ್ತರ ಕನ್ನಡದ ಘಟ್ಟಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ನಿಮ್ಮ ಮನೆಯಲ್ಲೋ ಊರಲ್ಲೋ ಅಂಥವರಿದ್ದರೆ ಕೂತು ಕೇಳಿ, ಫೋನಿನಲ್ಲಿ ದನಿ ಹಿಡಿದಿಡಿ. ಊರು, ವರ್ಷ, ಸತ್ತವರ ಹೆಸರು ಕೇಳಿ ಬರೆದುಕೊಳ್ಳಿ. ಆ ವರ್ಷ ಬರ ಬಂದಿತ್ತೇ, ರೋಗ ಬಂದಿತ್ತೇ, ಕಾಡು ಕಡಿದಿದ್ದರೇ ಎಂದೂ ಕೇಳಿ. ಅವರು ದೆವ್ವದ ಮಾತು ತೆಗೆದರೆ ತಡೆಯಬೇಡಿ, ಅದನ್ನೂ ಅವರ ಮಾತಿನಲ್ಲೇ ಬರೆದಿಡಿ.